ಠಾಣೆಗೆ ತಲುಪಬೇಕಾದ ಹವಾಮಾನ ವಾರ್ತೆ

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮರಾಶಿ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ನಂತರ ಜೀವಂತವಾಗಿ ದೊರೆತ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾಡೇ ಪ್ರಾರ್ಥಿಸಿತು. ಫೆಬ್ರುವರಿ 11ರಂದು ಅವರೂ ಅಸುನೀಗಿದರು. 1984ರಲ್ಲಿ ‘ಮೇಘದೂತ’ ಕಾರ್ಯಾಚರಣೆ ಆರಂಭವಾದಂದಿನಿಂದ ಆ ಹಿಮನದಿಯಲ್ಲಿ ಶತ್ರುವಿನ ಗುಂಡಿಗಿಂತ ಹವೆಗೆ ಬಲಿಯಾದವರೇ ಹೆಚ್ಚು. ಆಚೆ ಬದಿಯಲ್ಲೂ ಅದೇ ಕಥೆ: 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ 140 ಮಂದಿ ಹಿಮದಡಿ ಸಮಾಧಿಯಾದರು.

ಪರ್ವತದ ಹವೆಯನ್ನು ಅರಿಯುವುದು ಸುಲಭವಲ್ಲ. ಹಗಲು ಬಿಸಿಲಿಗೆ ಕಾದ ಇಳಿಜಾರಿನ ಗುಂಟ ಗಾಳಿ ಮೇಲೇರುತ್ತದೆ. ರಾತ್ರಿ ತಣ್ಣಗಾಗಿ ಕೆಳಗಿಳಿದು ಕಣಿವೆಯಲ್ಲಿ ಮಡುಗಟ್ಟುತ್ತದೆ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುವುದರಿಂದ ಹೆಲಿಕಾಪ್ಟರ್ ಹೊರಬಲ್ಲ ಭಾರವೂ ಇಳಿಯುತ್ತದೆ. 1999ರ ಕಾರ್ಗಿಲ್ ಸಮರದಲ್ಲಿ ಬೊಫೋರ್ಸ್ ತೋಪಿನ ಗುಂಡುಗಳು ತೆಳುಗಾಳಿಯಲ್ಲಿ ಮೈದಾನಕ್ಕಿಂತ ದೂರ ಹಾರಿದವು. ಹೀಗೆ ರಸದ್ದು, ಗುರಿ, ಪ್ರಾಣ ಎಲ್ಲವೂ ಹವೆಯ ಲೆಕ್ಕವನ್ನೇ ಅವಲಂಬಿಸಿವೆ.

ನಮ್ಮ ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ಆರಂಭಿಸಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಆರು ಕಿಲೋಮೀಟರ್‌ನ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಇದು ಹೆಮ್ಮೆಯ ಸಾಧನೆಯೇ ಸರಿ. ಆದರೆ ಹಿಮಾಲಯದಲ್ಲಿ ಅಂಥ ಒಂದೇ ಚೌಕದಲ್ಲಿ ಶಿಖರವೂ ಕಣಿವೆಯೂ ಅಡಗಿರಬಹುದು. ಅವೆರಡರ ಸರಾಸರಿಯಿಂದ ಠಾಣೆಯ ಯೋಧನಿಗೆ ಏನು ಪ್ರಯೋಜನ? ಈ ಕೊರತೆ ನೀಗಲೆಂದೇ ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿಯ ನೆರವಿನಿಂದ ‘ಮ್ಯಾಟರ್‌ಹಾರ್ನ್’ ಯೋಜನೆ ನಡೆಯಿತು. ನೋಟರ್ ಡೇಮ್ ವಿಶ್ವವಿದ್ಯಾಲಯದ ಹರೀಂದ್ರ ಫರ್ನಾಂಡೊ ಅವರ ನೇತೃತ್ವದಲ್ಲಿ ವಿಜ್ಞಾನಿಗಳು 2012 ಮತ್ತು 2013ರಲ್ಲಿ ಯೂಟಾ ರಾಜ್ಯದ ಡಗ್‌ವೇ ಸೇನಾ ಪರೀಕ್ಷಾ ವಲಯದ ಒಂದು ಬೆಟ್ಟದ ಸುತ್ತ ಉಪಕರಣಗಳನ್ನು ನೆಟ್ಟು ಅಲ್ಲಿನ ಗಾಳಿಯ ಚಲನೆಯನ್ನು ಅಳೆದರು.

ನಮ್ಮಲ್ಲೂ ಈ ವಿದ್ಯೆಗೆ ಪರಂಪರೆಯಿದೆ. 1969ರಲ್ಲಿ ಮನಾಲಿಯಲ್ಲಿ ಆರಂಭವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ 2020ರಲ್ಲಿ ಡಿಆರ್‌ಡಿಒದ ಭೂಮಾಹಿತಿ ಸಂಶೋಧನಾ ಸಂಸ್ಥೆಯಲ್ಲಿ ವಿಲೀನವಾಯಿತು. ಚಮೋಲಿ ಜಿಲ್ಲೆಗೆ ಹಿಮಕುಸಿತದ ಎಚ್ಚರಿಕೆ ನೀಡಿದ್ದು ಅದೇ ಸಂಸ್ಥೆ. ಮರುದಿನ, 2025ರ ಫೆಬ್ರುವರಿ 28ರಂದು, ಮಾಣಾ ಗ್ರಾಮದ ಬಳಿ ಗಡಿ ರಸ್ತೆ ಕಾಮಗಾರಿಯ ಶಿಬಿರದ ಮೇಲೆ ಹಿಮ ಕುಸಿಯಿತು. ಶಿಬಿರದಲ್ಲಿ 54 ಕಾರ್ಮಿಕರಿದ್ದರು. ಎಂಟು ಮಂದಿ ಮಡಿದರು.

ನಾನು ಆಡಳಿತದಲ್ಲಿ ಕಂಡಂತೆ, ಸುತ್ತೋಲೆ ಹೊರಟಿತೆಂಬುದಕ್ಕೆ ಕಡತದಲ್ಲಿ ಸಾಕ್ಷಿ ಇರುತ್ತದೆ. ಅದು ಕೊನೆಯ ವ್ಯಕ್ತಿಯನ್ನು ತಲುಪಿ, ಆತ ಸುರಕ್ಷಿತ ಸ್ಥಳಕ್ಕೆ ಹೋದನೇ ಎಂಬುದಕ್ಕೆ ಇರುವುದಿಲ್ಲ. ಎಚ್ಚರಿಕೆ ಬಂದಾಗ ಶಿಬಿರ ತೆರವುಗೊಳಿಸುವ ಹೊಣೆ ಯಾರದೆಂದು ಹೆಸರಿಟ್ಟು ನಿಗದಿಪಡಿಸಬೇಕು.

ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಸರಕು ಎಂಬ ಪರಿಕಲ್ಪನೆಯಿದೆ: ಒಬ್ಬ ಬಳಸಿದ್ದರಿಂದ ಇನ್ನೊಬ್ಬನ ಪಾಲು ಕಡಿಮೆಯಾಗದು. ಹವಾಮಾನದ ಮಾಹಿತಿ ಅಂಥದು. ಠಾಣೆಗಳ ನೆಲೆ ಗುಟ್ಟಾಗಿಯೇ ಇರಲಿ. ಆದರೆ ಗಡಿಗೆ ಸಂಬಂಧಿಸಿದ್ದೆಂಬ ಒಂದೇ ಕಾರಣಕ್ಕೆ ಹಿಮದ ಆಳ, ಗಾಳಿಯ ವೇಗಗಳನ್ನೆಲ್ಲ ಗುಟ್ಟಾಗಿಡುವುದರಿಂದ ನಷ್ಟವೇ ಹೆಚ್ಚು. ವಿಶ್ವವಿದ್ಯಾಲಯಗಳಿಗೆ ಅವು ದೊರೆತರೆ ಮುನ್ಸೂಚನೆಯೂ ಹರಿತವಾದೀತು. ಗಡಿಯ ಹಳ್ಳಿಗರಿಗೂ, ಯಾತ್ರಿಕರಿಗೂ ಅದರ ಲಾಭ ಸಿಕ್ಕೀತು. ಎತ್ತರದ ಕಣಿವೆಗಳಲ್ಲಿ ಮಾಪನ ಕೇಂದ್ರಗಳನ್ನು ಹೆಚ್ಚಿಸುವ ವೆಚ್ಚ ಯುದ್ಧವಿಮಾನಗಳ ಬೆಲೆಯೆದುರು ಅಲ್ಪವೇ. ಹುತಾತ್ಮರಿಗೆ ಪುಷ್ಪಗುಚ್ಛ ಅರ್ಪಿಸುವ ಸರ್ಕಾರಗಳು ಮುಂದಿನ ಚಳಿಗಾಲಕ್ಕೆ ಮುನ್ನ ಇಷ್ಟನ್ನಾದರೂ ಮಾಡಲಿ.