ಹಾಡು ಯಾರ ಸ್ವತ್ತು?

ಕಂಸಾಳೆ ಹಿಡಿದ ದೇವರಗುಡ್ಡ ಮಾದೇಶ್ವರನ ಕಥೆ ಎತ್ತಿಕೊಂಡರೆ ‘ಇದನ್ನು ಬರೆದವರು ಯಾರು?’ ಎಂದು ಚಾಮರಾಜನಗರ ಸೀಮೆಯಲ್ಲಿ ಕೇಳುವವರಿಲ್ಲ. ಪಶ್ಚಿಮದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನಿಂದ ಪೂರ್ವದ ಮಾದೇಶ್ವರ ಬೆಟ್ಟದವರೆಗೆ ಅದು ಎಲ್ಲರ ಕಥೆ. ಗುರುವಿನಿಂದ ದೀಕ್ಷೆ ಪಡೆದವನು ಗುರು ಹಾಡಿದ್ದನ್ನೇ ಹಾಡುತ್ತಾನೆ. ಅದು ಕದ್ದದ್ದಲ್ಲ, ಕಲಿತದ್ದು.

ಕಾನೂನಿನ ದೃಷ್ಟಿ ಬೇರೆ. ಅಚ್ಚಾದ ಪುಸ್ತಕ ಮಾರಾಟದ ಸರಕಾದ ಮೇಲೆ, 1710ರಲ್ಲಿ ಇಂಗ್ಲೆಂಡಿನ ಕಾಯ್ದೆಯೊಂದು ಲೇಖಕನಿಗೆ ಹಕ್ಕು ಕೊಟ್ಟಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ಅದೇ ದಾರಿಯದು. ಅದರ ಪ್ರಕಾರ ಲೇಖಕನ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಆದರೆ ತಲೆಮಾರುಗಳು ಸೇರಿ ಕಟ್ಟಿದ ಹಾಡಿಗೆ ಹುಟ್ಟಿದ ದಿನವೂ ಇಲ್ಲ, ಸತ್ತ ಕರ್ತೃವೂ ಇಲ್ಲ. 1994ರ ತಿದ್ದುಪಡಿ ಕಲಾವಿದನಿಗೆ ಹಕ್ಕು ಕೊಟ್ಟದ್ದು ತನ್ನ ಗಾಯನದ ಮೇಲೆ, ಹಾಡಿನ ಮೇಲಲ್ಲ.

ಹಾಗೆಂದು ನಮ್ಮ ಪರಂಪರೆಗೆ ಕರ್ತೃತ್ವದ ಅರಿವೇ ಇರಲಿಲ್ಲವೆನ್ನಲಾಗದು. ವಚನಕಾರರ ಅಂಕಿತಗಳನ್ನೇ ನೋಡಿ. ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರ ವಚನವೆಂದು ಗೊತ್ತಾಗುತ್ತದೆ. ಆದರೆ ಅಲ್ಲಿರುವುದು ಅವರ ಹೆಸರಲ್ಲ, ದೇವರ ಹೆಸರು. ಗುರುತು ಬರೆದವರದು, ಒಡೆತನ ದೇವರದು.

ಎಲ್ಲರದಾದ ಹಾಡನ್ನು ಹೇಗೆ ಬೇಕಾದರೂ ಬಳಸಬಹುದೇ? ‘ಕೋಲುಮಂಡೆ’ ಹಾಡು 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಬಂದು ಮನೆಮಾತಾಗಿತ್ತು. 2020ರಲ್ಲಿ ಚಂದನ್ ಶೆಟ್ಟಿ ಅದನ್ನು ರ‍್ಯಾಪ್ ಧಾಟಿಗೆ ತಂದಾಗ, ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದೇಶ್ವರನ ಭಕ್ತರು ಸಿಡಿದೆದ್ದರು. ಗಾಯಕರು ಕ್ಷಮೆ ಕೇಳಿದರು. ವಿಡಿಯೊ ಹಿಂದಕ್ಕೆ ಹೋಯಿತು. ಭಕ್ತರ ಮುಖ್ಯ ಆಕ್ಷೇಪ ‘ಏಕೆ ತೆಗೆದುಕೊಂಡಿರಿ’ ಎಂದಲ್ಲ, ‘ಏಕೆ ಹೀಗೆ ತೋರಿಸಿದಿರಿ’ ಎಂದು. ಕಾನೂನು ಕೇಳುವುದು ಒಡೆತನವನ್ನು. ಪರಂಪರೆ ಕೇಳುವುದು ನಡವಳಿಕೆಯನ್ನು.

ಬೇರೆ ದೇಶಗಳು ಬೇರೆ ದಾರಿ ಹುಡುಕಿವೆ. ಆಫ್ರಿಕಾದ ಘಾನಾ 2005ರ ಕಾಯ್ದೆಯಲ್ಲಿ ಜಾನಪದದ ಹಕ್ಕನ್ನು ಜನರ ಪರವಾಗಿ ರಾಷ್ಟ್ರಾಧ್ಯಕ್ಷರಿಗೆ ವಹಿಸಿತು. ಆದರೆ ಸರ್ಕಾರದ ಕೈಗೆ ಹೋದ ಹಾಡು ಹಾಡುವವನ ಕೈಗೆ ಏನು ಕೊಡುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ಹೆಬ್ಬಣಿ ಮಾದಯ್ಯನವರು ಮತ್ತು ಸಂಗಡಿಗರು ಹಾಡಿದ ಮಾದೇಶ್ವರ ಕಾವ್ಯ ಇಂಗ್ಲಿಷಿಗೆ ಹೋಗಿ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಪ್ರಕಟವಾದಾಗ, ಅದು ಅವರು ಹಾಡಿದ ಪಾಠವೆಂದೇ ದಾಖಲಾಯಿತು. ಅವರು ಬರೆದವರಲ್ಲ, ಹಾಡಿದವರು. ಆ ಎರಡಕ್ಷರದ ವ್ಯತ್ಯಾಸವನ್ನು ಗೌರವಿಸಲು ಕಾಯ್ದೆಯೇನೂ ಬೇಕಿಲ್ಲ. ಹಾಡಿನಿಂದ ಹಣ ಬಂದಾಗ ಹಾಡಿದವನ ಹೆಸರನ್ನೂ ಪಾಲನ್ನೂ ಮರೆಯುವುದೇ ನಿಜವಾದ ಕಳವು.