ಹೆಜ್ಜೆಯ ಲೆಕ್ಕವಿಡುವ ಗಣಕ: ದೈಹಿಕ ಶಿಕ್ಷಣದಲ್ಲಿ ಹೊಸ ದಾರಿಗಳು

ವ್ಯಾಯಾಮಕ್ಕೂ ಗಣಕಯಂತ್ರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧವೆಂಬುದು ನಮ್ಮ ಮನೆಗಳ ಹಿರಿಯರಲ್ಲಿ ಬೇರೂರಿದ ಅಭಿಪ್ರಾಯ. ಮಕ್ಕಳು ಆಟದ ಬಯಲನ್ನು ತೊರೆದು ತೆರೆಯ ಮುಂದೆ ಕುಳಿತರೆಂಬ ಅವರ ದೂರಿನಲ್ಲಿ ಸತ್ಯಾಂಶವಿದೆ. ಆದರೆ ಅದೇ ಗಣಕವು ಈಗ ಕೈಗಡಿಯಾರದಲ್ಲಿ, ಜೇಬಿನ ಮೊಬೈಲಿನಲ್ಲಿ, ಶಾಲೆಯ ದೈಹಿಕ ಶಿಕ್ಷಕರ ಕೈಯಲ್ಲಿ ಸೇರಿಕೊಂಡು ವ್ಯಾಯಾಮದ ಲೆಕ್ಕ ಬರೆಯುವ ಗುಮಾಸ್ತನಾಗಿದೆ. ಈ ಗುಮಾಸ್ತನ ಲೆಕ್ಕವನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಮುಂಜಾನೆ ಉದ್ಯಾನದಲ್ಲಿ ನಡೆಯುವ ನಮ್ಮ ತಂದೆತಾಯಿಯರ ಹೃದಯದ ಕ್ಷೇಮವೂ ಅದರಲ್ಲಿ ಅಡಗಿದೆ.

ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ಇಂದು ಮನೆಮಾತಾಗಿದೆ. ಇದು ಯಾವುದೋ ವೈದ್ಯಕೀಯ ಸಂಶೋಧನೆಯಿಂದ ಹೊರಬಂದ ಅಂಕಿಯೆಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಇದರ ಮೂಲ ಜಪಾನಿನ ಮಾರುಕಟ್ಟೆಯಲ್ಲಿದೆ. 1964ರ ಟೋಕಿಯೋ ಒಲಿಂಪಿಕ್ಸ್ ಕ್ರೀಡಾಕೂಟದ ಬಳಿಕ ಅಲ್ಲಿನ ಜನರಲ್ಲಿ ವ್ಯಾಯಾಮದ ಉತ್ಸಾಹ ಹೆಚ್ಚಿದಾಗ, 1965ರಲ್ಲಿ ಯಮಾಸಾ ಎಂಬ ಸಂಸ್ಥೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ‘ಮಾನ್‌ಪೊಕೇ’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರು ಮೊದಲು ಬಂದಿತು, ವಿಜ್ಞಾನ ಅನಂತರ ಹಿಂಬಾಲಿಸಿತು. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವಯಸ್ಸಿನ 16,741 ಮಹಿಳೆಯರ ನಡಿಗೆಯನ್ನು ಅಳೆದು ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. 7,500ರ ಸುಮಾರಿಗೆ ಈ ಲಾಭ ಸಮತಟ್ಟಾಗುತ್ತಿತ್ತು. ಇದು ವೀಕ್ಷಣೆಯ ಅಧ್ಯಯನವಾದುದರಿಂದ ನಡಿಗೆಯೊಂದೇ ಕಾರಣವೆಂದು ಹೇಳಲಾಗದು. ಆದರೂ ಮಂಡಿನೋವಿನ ಅಜ್ಜಿಯೊಬ್ಬರು ಹತ್ತು ಸಾವಿರ ತಲುಪಲಿಲ್ಲವೆಂದು ರಾತ್ರಿ ಊಟವಾದ ಮೇಲೆ ಮನೆಯ ಮೊಗಸಾಲೆಯಲ್ಲಿ ಸುತ್ತು ಹೊಡೆಯುವ ಅಗತ್ಯವಿಲ್ಲವೆಂಬುದು ಸ್ಪಷ್ಟ.

ಯಂತ್ರ ಹೆಜ್ಜೆಯನ್ನು ಎಣಿಸುವುದಾದರೂ ಹೇಗೆ? ಅದಕ್ಕೆ ಕಾಲು ಕಾಣಿಸುವುದಿಲ್ಲ. ಅದರೊಳಗೆ ಸಿಲಿಕಾನಿನಿಂದ ಕೊರೆದ, ಕೂದಲೆಳೆಗಿಂತ ಸಣ್ಣ ತಂತುಗಳಿಗೆ ತೂಗುಬಿಟ್ಟ ಅತಿ ಚಿಕ್ಕ ತುಣುಕೊಂದಿರುತ್ತದೆ. ನಾವು ನಡೆದಾಗ ಅದು ಅಲುಗಾಡಿ, ಪಕ್ಕದ ಸ್ಥಿರ ಫಲಕಗಳಿಂದ ಅದಕ್ಕಿರುವ ಅಂತರ ಬದಲಾಗುತ್ತದೆ. ಆ ಬದಲಾವಣೆ ವಿದ್ಯುತ್ ಸಂಕೇತವಾಗಿ ಮಾರ್ಪಡುತ್ತದೆ. ಸೆಕೆಂಡಿಗೆ ಎರಡರ ಆಸುಪಾಸಿನಲ್ಲಿ ಲಯಬದ್ಧವಾಗಿ ಏರಿಳಿಯುವ ಸಂಕೇತ ಕಂಡರೆ ಒಳಗಿನ ಗಣಕವು ಅದನ್ನು ನಡಿಗೆಯೆಂದು ಊಹಿಸುತ್ತದೆ. ಊಹೆ ಎಂಬ ಪದವನ್ನು ನಾವು ಬೇಕೆಂದೇ ಬಳಸಿದ್ದೇವೆ. ಭಜನೆಯಲ್ಲಿ ಉತ್ಸಾಹದಿಂದ ತಾಳ ತಟ್ಟಿದರೆ ಮಣಿಕಟ್ಟಿನ ಪಟ್ಟಿ ಕುಳಿತಲ್ಲಿಯೇ ಕೆಲವು ಹೆಜ್ಜೆಗಳನ್ನು ದಯಪಾಲಿಸಬಹುದು. ಮೊಮ್ಮಗುವಿನ ತಳ್ಳುಗಾಡಿಯನ್ನು ಎರಡೂ ಕೈಗಳಿಂದ ಹಿಡಿದು ಒಂದು ಮೈಲಿ ನಡೆದರೆ, ಕೈ ಬೀಸಲಿಲ್ಲವೆಂಬ ಕಾರಣಕ್ಕೆ ಅದೇ ಪಟ್ಟಿ ಜಿಪುಣತನ ತೋರಬಹುದು. ಇನ್ನು ಗರಡಿಮನೆಯ ದಂಡ ಮತ್ತು ಬಸ್ಕಿಗಳಾಗಲಿ, ಸೂರ್ಯನಮಸ್ಕಾರವಾಗಲಿ ಎಷ್ಟೇ ಬೆವರು ಹರಿಸಲಿ, ಹೆಜ್ಜೆಯ ಖಾತೆಯಲ್ಲಿ ಅವುಗಳಿಗೆ ಸ್ಥಾನ ತೀರಾ ಅಲ್ಪ.

ಹೃದಯದ ಬಡಿತವನ್ನು ಅಳೆಯುವ ವಿಧಾನ ಬೇರೆ. ಗಡಿಯಾರದ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕನ್ನು ಓದುಗರು ಗಮನಿಸಿರಬಹುದು. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿಯ ಸಣ್ಣ ನಾಳಗಳಲ್ಲಿ ರಕ್ತ ಉಬ್ಬಿ ಇಳಿಯುವುದರಿಂದ ಹಿಂದಿರುಗುವ ಬೆಳಕಿನ ಪ್ರಮಾಣವೂ ಏರಿಳಿಯುತ್ತದೆ. ವಿಶ್ರಾಂತಿಯಲ್ಲಿರುವಾಗ ಈ ಎಣಿಕೆ ಸಾಕಷ್ಟು ನಂಬಲರ್ಹ. ಪಟ್ಟಿ ಸಡಿಲವಾಗಿದ್ದರೆ ಅಥವಾ ಕೈ ಜೋರಾಗಿ ಅಲುಗುತ್ತಿದ್ದರೆ ಅದು ತಪ್ಪುತ್ತದೆ.

ಇಲ್ಲಿಯೇ ನಾವು ಸ್ವಲ್ಪ ನಿಂತು ಹೇಳಬೇಕಾದ ಮಾತೊಂದಿದೆ. ಬಹುತೇಕ ಉಪಕರಣಗಳು ಗರಿಷ್ಠ ಬಡಿತವನ್ನು ‘220ರಿಂದ ವಯಸ್ಸನ್ನು ಕಳೆ’ ಎಂಬ ಸೂತ್ರದಿಂದ ಅಥವಾ ಅಂಥದೇ ಇನ್ನೊಂದರಿಂದ ಲೆಕ್ಕ ಹಾಕಿ, ಅದರ ಇಂತಿಷ್ಟು ಭಾಗವನ್ನು ತಲುಪಿರೆಂದು ಪ್ರೇರೇಪಿಸುತ್ತವೆ. 60 ವರ್ಷದವರಿಗೆ ಇದು 160 ಎನ್ನುತ್ತದೆ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಸೂಚಿಸಿದ ಇನ್ನೊಂದು ಸೂತ್ರ 166 ಎನ್ನುತ್ತದೆ. ಎರಡೂ ಸರಾಸರಿಗಳೇ. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರ ನಡುವೆ ಇಪ್ಪತ್ತು ಬಡಿತಗಳ ಅಂತರವಿದ್ದರೂ ಅಚ್ಚರಿಯಿಲ್ಲ. ಅದಕ್ಕಿಂತ ಮುಖ್ಯವಾದುದು, ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಅಟೆನೊಲಾಲ್, ಮೆಟೊಪ್ರೊಲಾಲ್ ಮೊದಲಾದ ಬೀಟಾ ಬ್ಲಾಕರ್ ಮಾತ್ರೆಗಳನ್ನು ಸೇವಿಸುವವರ ವಿಷಯ. ಈ ಔಷಧಗಳ ಕೆಲಸವೇ ಬಡಿತವನ್ನು ಇಳಿಸುವುದು. ಅಂಥವರು ಏದುಸಿರು ಬಿಡುತ್ತಿದ್ದರೂ ಗಡಿಯಾರ ‘ಇನ್ನೂ ಸಾಲದು’ ಎಂದೇ ತೋರಿಸಬಹುದು. ಮಗನೋ ಸೊಸೆಯೋ ಪ್ರೀತಿಯಿಂದ ಹುಟ್ಟುಹಬ್ಬಕ್ಕೆ ಕೊಟ್ಟ ಗಡಿಯಾರದ ಮಾತು ಕೇಳಿ ಹಿರಿಯರು ವೇಗ ಹೆಚ್ಚಿಸಿದರೆ ಅಪಾಯ. ಅವರಿಗೆ ಹಳೆಯ ಪರೀಕ್ಷೆಯೇ ಲೇಸು: ನಡೆಯುತ್ತ ಮಾತಾಡಲು ಸಾಧ್ಯವಾಗಬೇಕು, ಹಾಡಲು ಕಷ್ಟವಾಗಬೇಕು. ಮಾತೂ ಕಷ್ಟವಾದರೆ ವೇಗ ತಗ್ಗಿಸಬೇಕು. ಎದೆಯಲ್ಲಿ ಬಿಗಿತ ಕಂಡರೆ ನಿಲ್ಲಿಸಿ ವೈದ್ಯರ ಬಳಿಗೆ ಧಾವಿಸಬೇಕು, ಏಕೆಂದರೆ ಕೈಗಡಿಯಾರಕ್ಕೆ ಹೃದಯಾಘಾತವನ್ನು ಗುರುತಿಸುವ ಶಕ್ತಿಯಿಲ್ಲ.

ಶಾಲೆಗಳತ್ತ ಬಂದರೆ, ಗಣಕದ ಪ್ರವೇಶ ನಾವು ಎಣಿಸಿರುವುದಕ್ಕಿಂತ ಹಳೆಯದು. ಅಮೆರಿಕದ ಡಲ್ಲಾಸ್ ನಗರದ ಕೂಪರ್ ಸಂಸ್ಥೆ 1982ರಲ್ಲಿಯೇ ‘ಫಿಟ್ನೆಸ್‌ಗ್ರಾಮ್’ ಎಂಬ ವ್ಯವಸ್ಥೆಯನ್ನು ಆರಂಭಿಸಿ, ವಿದ್ಯಾರ್ಥಿಗಳ ದೇಹದಾರ್ಢ್ಯದ ವರದಿಯನ್ನು ಗಣಕದಲ್ಲಿ ಮುದ್ರಿಸಿ ಪಾಲಕರಿಗೆ ಕಳುಹಿಸತೊಡಗಿತು. ಅದರ ನಿಜವಾದ ಹೊಸತನ ಯಂತ್ರದಲ್ಲಿರಲಿಲ್ಲ. ಮುಂದೆ ಅದು ಮಗುವನ್ನು ತರಗತಿಯ ಇತರರೊಡನೆ ಹೋಲಿಸುವುದನ್ನು ಬಿಟ್ಟು, ಆರೋಗ್ಯಕ್ಕೆ ಸಾಕೆನಿಸುವ ಮಟ್ಟವೊಂದರೊಡನೆ ಹೋಲಿಸಿತು. ಓಟದಲ್ಲಿ ಸದಾ ಕೊನೆಯವನಾಗಿ ನಾಚಿ, ಕಡೆಗೆ ಆಟವನ್ನೇ ತೊರೆಯುವ ಮಗುವಿಗೆ ಈ ಬದಲಾವಣೆಯ ಬೆಲೆ ಎಷ್ಟೆಂಬುದನ್ನು ಪಾಲಕರು ಬಲ್ಲರು. ನಮ್ಮ ದೇಶದಲ್ಲಿ 2019ರಲ್ಲಿ ‘ಖೇಲೋ ಇಂಡಿಯಾ’ ಮೊಬೈಲ್ ತಂತ್ರಾಂಶ ಬಂದಿತು. ಅದೇ ವರ್ಷ ಆಗಸ್ಟ್ 29ರಂದು, ಧ್ಯಾನ್ ಚಂದ್ ಅವರ ಜನ್ಮದಿನದಂದು, ‘ಫಿಟ್ ಇಂಡಿಯಾ’ ಆಂದೋಲನವೂ ಆರಂಭವಾಯಿತು. ಶಾಲಾಮಕ್ಕಳ ಓಟ, ಕುಳಿತು ಮುಂದಕ್ಕೆ ಬಾಗುವಿಕೆ, ಒಂಟಿಕಾಲಿನ ಸಮತೋಲನ ಮೊದಲಾದವನ್ನು ವಯೋಮಾನಕ್ಕೆ ತಕ್ಕಂತೆ ಅಳೆದು ಮೊಬೈಲಿನಲ್ಲಿ ದಾಖಲಿಸುವ ಕ್ರಮ ಅದರಿಂದ ರೂಢಿಗೆ ಬಂದಿತು. ಅಳೆದ ಬಳಿಕ ಆಡಲು ಸಮಯವೂ ಸ್ಥಳವೂ ಬೇಕು ಎಂಬುದು ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ 5ರಿಂದ 17ರ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಿನ ಚಟುವಟಿಕೆಯನ್ನು ಹೇಳಿದೆ. ವಾರಕ್ಕೆ ಒಂದೋ ಎರಡೋ ಆಟದ ಅವಧಿಗಳಿಂದ ಈ ಲೆಕ್ಕ ತುಂಬುವುದಿಲ್ಲ.

ಮನರಂಜನೆಯೂ ಈ ಕ್ಷೇತ್ರಕ್ಕೆ ಕೊಡುಗೆ ನೀಡಿದೆ. 1998ರಲ್ಲಿ ಜಪಾನಿನ ಕೊನಾಮಿ ಸಂಸ್ಥೆ ತಂದ ನೃತ್ಯದ ಆಟದಲ್ಲಿ, ತೆರೆಯ ಮೇಲೆ ಬರುವ ಬಾಣದ ಗುರುತಿಗೆ ಸರಿಯಾಗಿ ನೆಲದ ಚೌಕಗಳನ್ನು ತುಳಿಯಬೇಕು. ನಮ್ಮ ಕುಂಟೆಬಿಲ್ಲೆಗೆ ಸಂಗೀತ ಕೂಡಿಸಿದರೆ ಹೇಗೋ ಹಾಗೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು 2006ರಲ್ಲಿ ತನ್ನ ಸರಕಾರಿ ಶಾಲೆಗಳಿಗೆಲ್ಲ ಈ ಆಟವನ್ನು ಒದಗಿಸುವ ಯೋಜನೆಯನ್ನು ಪ್ರಕಟಿಸಿತು. ಚೆಂಡು ಹಿಡಿಯಲಾರೆನೆಂದು ಬದಿಯಲ್ಲಿ ಕುಳಿತಿರುತ್ತಿದ್ದ ಮಕ್ಕಳನ್ನು ಎಬ್ಬಿಸುವುದು ಇಂಥ ಆಟಗಳಿಗೆ ಸುಲಭ. ಹೊಸತನ ಮಾಸಿದ ಮೇಲೆ ಅವು ಮೂಲೆ ಸೇರುವುದೂ ಅಷ್ಟೇ ಸುಲಭ. 2007ರಲ್ಲಿ ನಿಂಟೆಂಡೊ ಸಂಸ್ಥೆ ತಂದ ‘ವೀ ಫಿಟ್’ ಆಟದ ಹಲಗೆಯ ನಾಲ್ಕು ಮೂಲೆಗಳಲ್ಲಿದ್ದ ಭಾರಮಾಪಕಗಳು, ನಿಂತವರ ದೇಹಭಾರ ಯಾವ ಕಡೆ ವಾಲುತ್ತಿದೆಯೆಂಬುದನ್ನು ತೋರಿಸುತ್ತಿದ್ದವು. ಆಟಿಕೆಯಾಗಿ ಹುಟ್ಟಿದ ಆ ಹಲಗೆಯನ್ನು ವೃದ್ಧರ ಸಮತೋಲನದ ತರಬೇತಿಗೆ ಭೌತಚಿಕಿತ್ಸಕರು ಬಳಸಿಕೊಂಡರು. ಹಿರಿಯರಿಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲವರ್ಧನೆಯ ಅಭ್ಯಾಸ ಬೇಕೆಂದು ಮೇಲಿನ ಮಾರ್ಗಸೂಚಿಯೇ ಹೇಳುತ್ತದೆ. ಹಲಗೆಯಿಲ್ಲದಿದ್ದರೆ ಅಡುಗೆಮನೆಯ ಕಟ್ಟೆಯನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದೂ ಆದೀತು, ಪಕ್ಕದಲ್ಲಿ ಯಾರಾದರೂ ಇರಲಿ.

ಹೊಸ ಉಪಕರಣ ಕೊಂಡವರು ಮೊದಲ ದಿನವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸಮತಟ್ಟಾದ ದಾರಿಯಲ್ಲಿ ಬಾಯಲ್ಲೇ ಎಣಿಸುತ್ತ 200 ಹೆಜ್ಜೆ ನಡೆದು ಯಂತ್ರದ ಎಣಿಕೆಯೊಡನೆ ಹೋಲಿಸಿರಿ. ಬಳಿಕ ಎರಡೂ ಕೈಗಳಲ್ಲಿ ತರಕಾರಿಯ ಚೀಲ ಹಿಡಿದು ಇನ್ನೊಮ್ಮೆ ನಡೆಯಿರಿ. ಅನಂತರ ಒಂದು ನಿಮಿಷದಲ್ಲಿ ಎಷ್ಟು ಹೆಜ್ಜೆ ಬೀಳುತ್ತದೆಂದು ನೋಡಿರಿ. ಸುಮಾರು 100 ಇದ್ದರೆ, ಅದನ್ನು ಸಾಧಾರಣವಾಗಿ ಚುರುಕಿನ ನಡಿಗೆಯೆಂದು ಎಣಿಸುತ್ತಾರೆ.