ಕುಸಿದದ್ದು ಡ್ರೈವರ್, ಕೆಟ್ಟದ್ದು ಯಾವುದು?

ಕಂಪ್ಯೂಟರ್ ಆಟದ ನಡುವೆ ಪರದೆ ಒಮ್ಮೆಲೇ ಕಪ್ಪಾಗಿ, ಆಟ ಮುಚ್ಚಿಹೋಗಿ, ಗ್ರಾಫಿಕ್ಸ್ ಡ್ರೈವರ್ ಸ್ಪಂದಿಸುತ್ತಿಲ್ಲವೆಂಬ ಸಂದೇಶ ಮೂಡಿದಾಗ ಬಹುತೇಕರು ಮೊದಲು ಶಂಕಿಸುವುದು ಡ್ರೈವರನ್ನೇ. ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಮ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳ ನಡುವೆ ಆಜ್ಞೆಗಳನ್ನು ಸಾಗಿಸುವ ತಂತ್ರಾಂಶ; ಆಚೀಚಿನ ಯಾವ ಭಾಗ ಕೈಕೊಟ್ಟರೂ ಅದು ಇಲ್ಲಿಯೇ ಪ್ರಕಟವಾಗುವುದರಿಂದ, ಸಂದೇಶದಲ್ಲಿ ಅದರ ಹೆಸರಿದ್ದ ಮಾತ್ರಕ್ಕೆ ತಪ್ಪೂ ಅದರದ್ದೇ ಎಂದು ತೀರ್ಮಾನಿಸುವುದು ಆತುರವಾದೀತು.

ಈ ಸಂದೇಶದ ಹಿಂದೆ ವಿಂಡೋಸ್ ವಿಸ್ಟಾದೊಂದಿಗೆ ಬಂದ ಒಂದು ಕಾವಲು ವ್ಯವಸ್ಥೆಯಿದೆ. ಕಾರ್ಡ್‌ಗೆ ಒಪ್ಪಿಸಿದ ಕೆಲಸ ಮುಗಿಯದೆ, ಅದನ್ನು ಬದಿಗಿಡುವಂತೆ ಕೇಳಿದರೂ 2 ಸೆಕೆಂಡುಗಳಲ್ಲಿ ಉತ್ತರ ಬಾರದಿದ್ದರೆ, ವಿಂಡೋಸ್ ಡ್ರೈವರನ್ನೂ ಕಾರ್ಡನ್ನೂ ಹೊಸದಾಗಿ ಚಾಲೂ ಮಾಡುತ್ತದೆ. ಒಂದು ನಿಮಿಷದೊಳಗೆ 5ಕ್ಕಿಂತ ಹೆಚ್ಚು ಬಾರಿ ಹೀಗಾದರೆ ನೀಲಿ ಪರದೆ ತೋರಿಸಿ ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ಯಂತ್ರ ಉಳಿದರೂ ಕಾರ್ಡ್‌ನ ಮೆಮೊರಿಯಲ್ಲಿದ್ದ ದೃಶ್ಯಗಳೆಲ್ಲ ಅಳಿಸಿಹೋಗುವುದರಿಂದ ಆಟ ಸಾಮಾನ್ಯವಾಗಿ ಉಳಿಯುವುದಿಲ್ಲ. ಈ 2 ಸೆಕೆಂಡುಗಳ ಗಡುವನ್ನು, ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ಹೆಚ್ಚಿಸಿಕೊಳ್ಳಬೇಕೆಂಬ ಸಲಹೆ ಬಹಳ ಪ್ರಚಲಿತವಾಗಿದ್ದರೂ, ಕಾರ್ಡ್ ನಿಜವಾಗಿಯೂ ಸ್ಥಗಿತಗೊಂಡಿದ್ದರೆ ಅದರಿಂದಾಗುವುದು ಇನ್ನಷ್ಟು ಹೊತ್ತು ಕಾಯುವುದು ಮಾತ್ರ.

ಸಂದೇಶ ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಅನ್‌ರಿಯಲ್ ಎಂಜಿನ್ ಎಂಬ ಆಟ ನಿರ್ಮಾಣ ತಂತ್ರಾಂಶವನ್ನು ಆಧರಿಸಿದ ಆಟಗಳು, ಬೆಳಕು ಮತ್ತು ಬಣ್ಣಗಳನ್ನು ಲೆಕ್ಕಹಾಕುವ ಶೇಡರ್ ಎಂಬ ಕಿರು ಪ್ರೋಗ್ರಾಮ್‌ಗಳನ್ನು ಸಿದ್ಧಪಡಿಸುವ ಹೊತ್ತಿಗೆ, ವಿಡಿಯೊ ಮೆಮೊರಿ ಸಾಲದೆಂದು ದೂರಿ ಮುಚ್ಚಿಕೊಳ್ಳುತ್ತಿದ್ದವು. ಧಾರಾಳ ಮೆಮೊರಿಯುಳ್ಳ ದುಬಾರಿ ಕಾರ್ಡ್ ಇದ್ದವರಿಗೂ ಇದೇ ಗತಿಯಾಯಿತು. ಸಂದೇಶ ಗ್ರಾಫಿಕ್ಸ್ ಕಾರ್ಡ್‌ನತ್ತ ಬೆರಳು ತೋರಿಸುತ್ತಿದ್ದರೆ, ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಸವೆಯುತ್ತಿದ್ದದ್ದು ಪ್ರೊಸೆಸರ್‌ನೊಳಗಿನ ವಿದ್ಯುನ್ಮಂಡಲ. 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇಂಟೆಲ್, ಪ್ರೊಸೆಸರ್‌ನ ಒಳ ಆಜ್ಞೆಗಳಾದ ಮೈಕ್ರೊಕೋಡ್‌ನ ಪರಿಷ್ಕರಣೆಗಳನ್ನು ನೀಡಿತಾದರೂ, ಆಗಲೇ ಸವೆದಿದ್ದ ಚಿಪ್‌ಗಳನ್ನು ಅವು ಸರಿಪಡಿಸಲಾರದೆ ಹೋದವು. ಕಂಪನಿ ವಾರಂಟಿಯನ್ನು 2 ವರ್ಷ ವಿಸ್ತರಿಸಿತು.

ಆದ್ದರಿಂದ ಪರಿಶೀಲನೆ ಡ್ರೈವರ್ ಬದಲಾವಣೆಯಿಂದಲ್ಲ, ವಿಂಡೋಸ್‌ನ ದಾಖಲೆಪುಸ್ತಕವಾದ ಈವೆಂಟ್ ವ್ಯೂವರ್‌ನಿಂದ ಆರಂಭವಾಗುವುದು ಲೇಸು. ಅಲ್ಲಿ 4101 ಸಂಖ್ಯೆಯ ನಮೂದು ಕಂಡರೆ ಕಾವಲು ವ್ಯವಸ್ಥೆ ಮಧ್ಯಪ್ರವೇಶಿಸಿದೆಯೆಂದು ಅರ್ಥ. ಒಂದೇ ಆಟ ಕುಸಿಯುತ್ತಿದ್ದರೆ ಆಟದ ಕಡತಗಳನ್ನು, ಎಲ್ಲವೂ ಕುಸಿಯುತ್ತಿದ್ದರೆ ಉಷ್ಣತೆ, ಪವರ್ ಸಪ್ಲೈ ಹಾಗೂ ಕೇಬಲ್‌ಗಳನ್ನು ನೋಡಬೇಕಾಗುತ್ತದೆ. ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಓವರ್‌ಕ್ಲಾಕಿಂಗ್ ಅನ್ನು, ರ‍್ಯಾಮ್‌ನದ್ದೂ ಸೇರಿದಂತೆ, ತೆಗೆದು ನೋಡುವುದು ಖರ್ಚಿಲ್ಲದ ಪರೀಕ್ಷೆ. ಕೆಲವು ಕಾರ್ಡ್‌ಗಳು ಕಾರ್ಖಾನೆಯಿಂದಲೇ ಓವರ್‌ಕ್ಲಾಕ್ ಆಗಿ ಬರುತ್ತವೆಂಬುದು ಹಲವರಿಗೆ ತಿಳಿದಿರುವುದಿಲ್ಲ. ಡ್ರೈವರ್ ಸರದಿ ಬಂದಾಗ ಹಳೆಯದನ್ನು, ವಿಂಡೋಸ್ ಅತ್ಯಗತ್ಯ ಭಾಗಗಳಿಂದ ಮಾತ್ರ ಓಡುವ ಸೇಫ್ ಮೋಡ್‌ನಲ್ಲಿ ಪೂರ್ಣವಾಗಿ ಅಳಿಸಿ ಹೊಸದನ್ನು ಹಾಕುವುದು ರೂಢಿ. ಈ ನಡುವೆ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರನ್ನು ತಂದು ಕೂರಿಸದಂತೆ ಇಂಟರ್‌ನೆಟ್ ಸಂಪರ್ಕ ಕಡಿದಿಡುತ್ತಾರೆ. ಹೊಸದೆಲ್ಲ ಉತ್ತಮವೆಂದೇನೂ ಇಲ್ಲ: 2010ರ ಮಾರ್ಚ್‌ನಲ್ಲಿ ಫ್ಯಾನ್ ನಿಯಂತ್ರಣದ ದೋಷದಿಂದಾಗಿ ಎನ್‌ವಿಡಿಯಾ ತನ್ನ 196.75 ಆವೃತ್ತಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಇಷ್ಟಾದರೂ ಕುಸಿತ ನಿಲ್ಲದಿದ್ದರೆ ಕಾರ್ಡನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಕೂರಿಸಿ ನೋಡಬಹುದು. ಅಲ್ಲಿಯೂ ಅದೇ ವರ್ತನೆ ಕಂಡರೆ ಉಳಿಯುವ ಕೆಲಸ ವಾರಂಟಿಯ ಕಾಗದ ಹುಡುಕುವುದು.